ಕಡಲಕಳೆಯೊಂದೇ ಸಾಲದು

ಮಾನ್ಯ ಸಂಪಾದಕರೇ,

ಕಡಲಕಳೆಯಿಂದ ಜೈವಿಕ ಅನಿಲ ತಯಾರಿಸುವ ಮಾತು ಬಂದಾಗಲೆಲ್ಲ, ಕಳೆ ಎಷ್ಟು ಟನ್ ಸಿಗುತ್ತದೆ ಎಂಬ ಲೆಕ್ಕವೇ ಮುಂದಾಗುತ್ತದೆ. ಅಸಲಿ ತೊಡಕಿರುವುದು ಅದರ ಉಪ್ಪು ಮತ್ತು ಗಂಧಕದಲ್ಲಿ. ಉಪ್ಪು ಹೆಚ್ಚಾದರೆ ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳು ಸೊರಗುತ್ತವೆ. ಗಂಧಕವು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಆಗಿ ಎಂಜಿನ್ನನ್ನೇ ತಿಂದುಹಾಕುತ್ತದೆ. 2011ರಿಂದ ಸರ್ಗಾಸಮ್ ಎಂಬ ತೇಲುವ ಕಂದು ಕಡಲಕಳೆಯ ರಾಶಿಯಿಂದ ಕಂಗೆಟ್ಟಿರುವ ಕೆರಿಬಿಯನ್ ದ್ವೀಪರಾಷ್ಟ್ರ ಬಾರ್ಬಡೋಸ್‌ನಲ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಕಳೆಯೊಂದನ್ನೇ ನೆಚ್ಚದೆ ಅದಕ್ಕೆ ರಮ್ ಭಟ್ಟಿಯ ತ್ಯಾಜ್ಯನೀರು, ಕುರಿಗೊಬ್ಬರ ಬೆರೆಸಿ, ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಸಿ, ಬಂದ ಅನಿಲದಿಂದ ಕಾರು ಓಡಿಸಿದ್ದಾರೆ. ಕಡಲಕಳೆ ಕೃಷಿಗೆ ನೆರವು ನೀಡುತ್ತಿರುವ ಕೇಂದ್ರ ಸರ್ಕಾರ ಇಂಥ ಮಿಶ್ರಣದ ಪ್ರಯೋಗಕ್ಕೂ ಹಣ ಕೊಡಲಿ. ಉಳಿಯುವ ಸ್ಲರಿಯನ್ನು ಹೊಲಕ್ಕೆ ಹಾಕುವ ಮೊದಲು ಆರ್ಸೆನಿಕ್ ಪರೀಕ್ಷೆ ಕಡ್ಡಾಯವಾಗಬೇಕು. ಸರ್ಗಾಸಮ್ ಆ ವಿಷವನ್ನು ಸಮುದ್ರದಿಂದ ಹೀರಿಕೊಂಡಿರುತ್ತದೆ.

– ಓದುಗ, ಕುಮಟಾ