ಒರಿಜಿನಲ್ ಅಂತ ಡೂಪ್ಲಿಕೇಟ್ ಕ್ಯಾಸೆಟ್ ಕಳಿಸಿದ್ದೀರಿ, ದುಡ್ಡು ವಾಪಸ್ ಕೊಡಿ

ನಮಸ್ಕಾರ,

ಕಳೆದ ತಿಂಗಳು ನಿಮ್ಮ ಆನ್‌ಲೈನ್ ಅಂಗಡಿಯಿಂದ ಗೇಮ್ ಬಾಯ್ ಅಡ್ವಾನ್ಸ್‌ನ (ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಹಳೇ ಗೇಮ್ ಯಂತ್ರ) 'ಫೈರ್ ಎಂಬ್ಲೆಮ್' ಕ್ಯಾಸೆಟ್ ತರಿಸಿಕೊಂಡೆ. 2003ರಲ್ಲಿ ಬಂದದ್ದು, ಜಪಾನಿನ ಹೊರಗೆ ಬಂದ ಈ ಸರಣಿಯ ಮೊದಲ ಗೇಮ್. ಸೆಕೆಂಡ್ ಹ್ಯಾಂಡ್ ಆದರೂ ಒರಿಜಿನಲ್, ಸೇವ್ ಆಗುತ್ತದೆ ಅಂತ ನೀವೇ ಬರೆದಿದ್ದಿರಿ. ನಂಬಿ 4,200 ರೂಪಾಯಿ ಕೊಟ್ಟೆ. ಹದಿನೈದು ದಿನ ಚೆನ್ನಾಗಿತ್ತು. ಹದಿನಾರನೇ ದಿನ ಆನ್ ಮಾಡಿದರೆ ಸೇವ್ ಮಾಡುವ ಮೂರೂ ಜಾಗ ಖಾಲಿ.

ಫೋನ್ ಮಾಡಿದರೆ ನಿಮ್ಮವರು "ಗೇಮ್ ಆನ್ ಆಗ್ತಿದೆ ಅಲ್ವಾ ಸರ್, ಮೊದಲಿಂದ ಆಡಿ" ಅಂದರು. ಅವರು ಇದನ್ನು ಒಂದು ದಿನವೂ ಆಡಿಲ್ಲ ಅಂತ ಅಲ್ಲೇ ಗೊತ್ತಾಯಿತು. 1990ರಲ್ಲಿ ನಿಂಟೆಂಡೊದ್ದೇ ಹಳೇ ಯಂತ್ರ ಫ್ಯಾಮಿಕಾಮ್‌ಗೆ ಬಂದ ಮೊದಲ ಫೈರ್ ಎಂಬ್ಲೆಮ್‌ನಿಂದಲೇ ಇದರ ನಿಯಮ ಗಟ್ಟಿ: ಯುದ್ಧದಲ್ಲಿ ಸತ್ತವನು ಸತ್ತ, ಮುಂದಿನ ಅಧ್ಯಾಯಕ್ಕೆ ಬರುವುದಿಲ್ಲ. ಆಮೇಲಿನ ಗೇಮ್‌ಗಳಲ್ಲಿ ಈ ನಿಯಮ ಬೇಡ ಅಂದರೆ ಬಿಡಬಹುದು, ಇದರಲ್ಲಿ ಆ ಕರುಣೆ ಇಲ್ಲ.

ಫ್ಲೋರಿನಾ ಅಂತ ಒಬ್ಬಳಿದ್ದಾಳೆ, ರೆಕ್ಕೆಯ ಕುದುರೆ ಮೇಲೆ ಬರುವವಳು. ಶುರುವಿನಲ್ಲಿ ಎಷ್ಟು ಬಡಕಲು ಅಂದರೆ ಬಿಲ್ಲುಗಾರ ಹತ್ತಿರ ಬಂದರೆ ನನಗೇ ಎದೆ ಧಸಕ್ ಅನ್ನುತ್ತಿತ್ತು, ಹಾರುವವರಿಗೆ ಬಾಣ ಅಂದರೆ ದೊಡ್ಡ ಪೆಟ್ಟು. ಅವಳದು ಭರ್ಜಿ; ಈ ಗೇಮ್‌ನಲ್ಲಿ ಭರ್ಜಿ ಕತ್ತಿಯನ್ನು ಸೋಲಿಸುತ್ತದೆ, ಕೊಡಲಿಗೆ ಸೋಲುತ್ತದೆ, ಹಾಗಾಗಿ ಕೊಡಲಿಯವರ ಎದುರೂ ನಿಲ್ಲಿಸುವಂತಿಲ್ಲ. ಕತ್ತಿಯವರನ್ನು ಹುಡುಕಿ, ನಮ್ಮ ಕಡೆಯ ಕುದುರೆ ಸವಾರ ಸೈನ್ ಕೈಲಿ ಅರ್ಧ ಹೊಡೆಸಿ, ಕೊನೆಯ ಏಟು ಇವಳಿಗೆ ಬಿಟ್ಟು, ಒಂದೊಂದೇ ಲೆವೆಲ್ ಏರಿಸಿದ್ದೆ. ಅವಳನ್ನು ಉಳಿಸಿಕೊಳ್ಳೋಕೆ ಒಂದು ಅಧ್ಯಾಯ ಆರು ಸಲ ಮೊದಲಿಂದ ಆಡಿದ್ದೇನೆ (ಮನೆಯಲ್ಲಿ ಬೈಸಿಕೊಂಡದ್ದು ಬೇರೆ). ಗೇಮ್‌ನ ಮೊದಲ ಭಾಗವಾದ ಲಿನ್ ಅನ್ನುವವಳ ಕಥೆ ಮುಗಿದು, ಆಮೇಲೆ ಬರುವ ಎಲಿವುಡ್ ಅನ್ನುವವನ ಕಥೆಯಲ್ಲಿ ಅವಳು ಮತ್ತೆ ಸೇರಿಕೊಂಡು ಎರಡೇ ದಿನ ಆಗಿತ್ತು. ಈಗ ಮೊದಲಿಂದ ಆಡಿದರೂ ಅದೇ ಫ್ಲೋರಿನಾ ಸಿಗುವುದಿಲ್ಲ, ಲೆವೆಲ್ ಏರಿದಾಗ ಬಲ ಹೆಚ್ಚುತ್ತದೋ ವೇಗ ಹೆಚ್ಚುತ್ತದೋ ಅನ್ನುವುದು ಇಲ್ಲಿ ಅದೃಷ್ಟ.

"ಹಳೇ ಕ್ಯಾಸೆಟ್ ಸರ್, ಸೇವ್ ಉಳಿಸಿಕೊಳ್ಳೋ ಒಳಗಿನ ಬ್ಯಾಟರಿ ಹೋಗಿರುತ್ತೆ" ಅಂತಲೂ ಅಂದರು. ಒರಿಜಿನಲ್ ಆಗಿದ್ದರೆ ಒಪ್ಪುತ್ತಿದ್ದೆ, ಹೊಸ ಬ್ಯಾಟರಿ ಬೆಸುಗೆ ಹಾಕಿಸಿಕೊಂಡು ಸುಮ್ನೆ ಇರುತ್ತಿದ್ದೆ. ಆದರೆ ಒರಿಜಿನಲ್‌ನ ಸ್ಟಿಕರ್ ಮೇಲೆ ಎರಡು ಅಂಕಿ ಒತ್ತಿರುತ್ತಾರೆ, ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ನನ್ನದು ನುಣ್ಣಗಿದೆ. ಕೆಳಗೆ ಪಿನ್‌ಗಳ ಮೇಲ್ಗಡೆ ಬೋರ್ಡ್‌ನಲ್ಲಿ ನಿಂಟೆಂಡೊ ಹೆಸರು ಇರಬೇಕು, ಅದೂ ಇಲ್ಲ. ಫೋಟೋ ಜೊತೆಗಿಟ್ಟಿದ್ದೇನೆ. ಸ್ಕ್ರೂ ಬಿಚ್ಚಿಲ್ಲ, ಬಿಚ್ಚಿದರೆ ವಾಪಸ್ ತಗೊಳ್ಳಲ್ಲ ಅಂತ ನಿಮ್ಮದೇ ನಿಯಮ ಇದೆಯಲ್ಲ.

ನನಗೆ ಕೂಪನ್ ಬೇಡ, ಬೇರೆ ಗೇಮೂ ಬೇಡ. ಪೂರ್ತಿ 4,200 ಒಂದು ವಾರದೊಳಗೆ ಖಾತೆಗೆ ಹಾಕಿ, ಕೊರಿಯರ್ ಖರ್ಚು ನಿಮ್ಮದು. ಇವತ್ತು ಬೆಳಗ್ಗೆ ನೋಡಿದೆ, ಅದೇ ಫೋಟೋ ಹಾಕಿ ಇನ್ನೂ ಮೂರು ಕ್ಯಾಸೆಟ್ 'ಒರಿಜಿನಲ್' ಅಂತ ಮಾರಾಟಕ್ಕಿಟ್ಟಿದ್ದೀರಿ. ಮೊದಲು ಆ ಪದ ತೆಗೆಯಿರಿ. ನನ್ನದನ್ನು ಡಬ್ಬಿಗೆ ಹಾಕಿ ಟೇಪ್ ಸುತ್ತಿಟ್ಟಿದ್ದೇನೆ, ಯಾವಾಗ ಬೇಕಾದರೂ ಬಂದು ತಗೊಂಡು ಹೋಗಬಹುದು.