ಅಮ್ಮನ ಆಪರೇಷನ್ ಬಗ್ಗೆ ಅಣ್ಣನಿಗೆ

ಪ್ರೀತಿಯ ಅಣ್ಣಾ,

ನೀನು ಕಳಿಸಿದ ಅಮ್ಮನ ಎಂಆರ್‌ಸಿಪಿ (ಪಿತ್ತನಾಳಗಳ ಎಂಆರ್‌ಐ ಸ್ಕ್ಯಾನ್) ರಿಪೋರ್ಟ್ ನೋಡಿದೆ. ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಬರೆದುಬಿಡುವುದೇ ವಾಸಿ. ಅತ್ತಿಗೆಗೂ ಓದಿ ಹೇಳು.

ಪಿತ್ತಕೋಶದ ಕಲ್ಲಿಗೆ ಎಲ್ಲರಿಗೂ ಸಣ್ಣ ತೂತುಗಳಿಂದಲೇ ಕೀಹೋಲ್ ಆಪರೇಷನ್ ಮಾಡಿ ಬೇಗ ಮನೆಗೆ ಕಳಿಸ್ತಾರೆ, ಈ ಡಾಕ್ಟರ್ ಮಾತ್ರ ಹೊಟ್ಟೆ ಕೊಯ್ಯಬೇಕಾಗಬಹುದು ಅಂತಾರೆ ಎಂದು ನಿನಗೆ ಸಿಟ್ಟು. ನನಗಂತೂ ಆ ಮಾತು ಕೇಳಿಯೇ ಧೈರ್ಯ ಬಂತು. ಇಲ್ಲಿ ನಮ್ಮ ಆಸ್ಪತ್ರೆಯಲ್ಲಿ ನಾವೂ ಇಂಥ ರೋಗಿಗಳಿಂದ ಅದಕ್ಕೆ ಮೊದಲೇ ಒಪ್ಪಿಗೆ ಬರೆಸಿಕೊಳ್ಳುತ್ತೇವೆ.

ಅಮ್ಮನ ಕಲ್ಲು ಪಿತ್ತಕೋಶದೊಳಗೆ ಸುಮ್ನೆ ಕೂತಿಲ್ಲ. ಅದರ ಕುತ್ತಿಗೆಯಲ್ಲಿ ಸಿಕ್ಕಿಕೊಂಡಿದೆ. ಪಕ್ಕದಲ್ಲೇ ಲಿವರ್‌ನಿಂದ ಪಿತ್ತ ಇಳಿಯುವ ನಾಳವಿದೆ. ಕಲ್ಲು ಅದನ್ನು ಹೊರಗಿನಿಂದ ಅದುಮಿದೆ. ಕಾಮಾಲೆ ಬಂದದ್ದು ಅದಕ್ಕೇ. ಇದು ಮಿರಿಝಿ ಸಿಂಡ್ರೋಮ್. ಅರ್ಜೆಂಟೀನಾದ ಸರ್ಜನ್ ಪಾಬ್ಲೊ ಮಿರಿಝಿ 1948ರಲ್ಲಿ ಇದರ ಬಗ್ಗೆ ಬರೆದರು. ಆಪರೇಷನ್ ನಡೆಯುವಾಗಲೇ ನಾಳಕ್ಕೆ ಡೈ ಹಾಕಿ ಎಕ್ಸ್‌ರೇ ತೆಗೆಯುವುದನ್ನು 1931ರಲ್ಲಿ ಶುರು ಮಾಡಿದವರೂ ಅವರೇ.

ಬರೀ ಅದುಮಿದ್ದರೆ ಒಂದನೇ ಟೈಪ್. ಬಹಳ ಕಾಲ ಒತ್ತಿದರೆ ನಡುವಿನ ಗೋಡೆ ಸವೆದು ತೂತಾಗುತ್ತದೆ. ತೂತು ನಾಳದ ಸುತ್ತಳತೆಯ ಮೂರನೇ ಒಂದು ಭಾಗದೊಳಗಿದ್ದರೆ ಎರಡನೇದು, ಮೂರನೇ ಎರಡು ಭಾಗದವರೆಗೆ ಹೋದರೆ ಮೂರನೇದು, ಗೋಡೆ ಪೂರ್ತಿ ಹೋದರೆ ನಾಲ್ಕನೇದು. ಚಿಲಿಯ ಚೆಂಡೆಸ್ ಮತ್ತು ಜೊತೆಯವರು 1989ರಲ್ಲಿ ಹೀಗೆ ವಿಂಗಡಿಸಿದರು. ಪಿತ್ತಕೋಶದಿಂದ ಕರುಳಿಗೂ ತೂತು ಬಿದ್ದಿದ್ದರೆ ಐದನೇದು, ಅದು ಆಮೇಲೆ ಸೇರಿದ್ದು. ಅಮ್ಮನಿಗೆ ಅದರ ಸುಳಿವಿಲ್ಲ.

ರಿಪೋರ್ಟ್ ಒಂದನೇ ಟೈಪ್ ಎನ್ನುತ್ತದೆ. ಅದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಡ. ಸ್ಕ್ಯಾನ್‌ಗೆ ಕಾಣದ ತೂತು ಎಷ್ಟೋ ಸಲ ಆಪರೇಷನ್ ಟೇಬಲ್ ಮೇಲೆ ಗೊತ್ತಾಗುತ್ತದೆ.

ಅಪಾಯ ಇರುವುದು ಎಲ್ಲಿ ಗೊತ್ತಾ? ಊತದಿಂದ ಒಳಗೆ ಎಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಪಿತ್ತಕೋಶದ ಸಣ್ಣ ನಾಳ ಅಂದುಕೊಂಡು ಮುಖ್ಯ ನಾಳವನ್ನೇ ಕತ್ತರಿಸಿಬಿಡಬಹುದು. ಅದಕ್ಕೇ ತಿಳಿದ ಸರ್ಜನ್ ಮೊದಲೇ ಬುಡಕ್ಕೆ ಕೈ ಹಾಕುವುದಿಲ್ಲ. ಪಿತ್ತಕೋಶದ ತುದಿಯಿಂದ ಬಿಡಿಸುತ್ತಾ ಬಂದು, ಅದನ್ನು ತೆರೆದು ಕಲ್ಲು ತೆಗೆದು, ನಾಳಕ್ಕೆ ಅಂಟಿದ ಚೂರನ್ನು ಅಲ್ಲೇ ಬಿಡುತ್ತಾರೆ. ಪಿತ್ತಕೋಶ ಪೂರ್ತಿ ತೆಗೆದಿಲ್ಲ ಎಂದರೆ ನೀನು ಜಗಳಕ್ಕೆ ನಿಲ್ಲಬೇಡ, ನಿನ್ನ ಸ್ವಭಾವ ನನಗೆ ಗೊತ್ತಲ್ವಾ! ತೂತು ಇದ್ದರೆ ಆ ಚೂರೇ ತೇಪೆಗೆ ಬೇಕು. ಜೊತೆಗೆ ಟಿ ಆಕಾರದ ಟ್ಯೂಬ್ ಇಟ್ಟರೆ ಕೆಲವು ವಾರ ಪಿತ್ತ ಹೊರಗಿನ ಚೀಲಕ್ಕೆ ಬರುತ್ತದೆ. ನೋಡಿ ಗಾಬರಿಯಾಗಬೇಡಿ.

ಗೋಡೆ ಜಾಸ್ತಿ ಹೋಗಿದ್ದರೆ ತೇಪೆ ನಿಲ್ಲುವುದಿಲ್ಲ. ಆಗ ಸಣ್ಣ ಕರುಳನ್ನು ಮೇಲಕ್ಕೆ ತಂದು ಲಿವರ್‌ನಿಂದ ಬರುವ ನಾಳಕ್ಕೇ ಜೋಡಿಸಬೇಕು. ಅದು ದೊಡ್ಡ ಆಪರೇಷನ್ನೇ. ಹಾಗಾಗಿ ಡಾಕ್ಟರನ್ನು ಕೇಳಬೇಕಾದದ್ದು ಎಷ್ಟು ದಿನಕ್ಕೆ ಮನೆಗೆ ಅಂತ ಅಲ್ಲ. ನಾಳ ಜೋಡಿಸುವ ಅನುಭವ ಇರುವವರು ಆವತ್ತು ಇರುತ್ತಾರಾ ಅಂತ ಕೇಳು. ತೆಗೆದ ಪಿತ್ತಕೋಶದ ಚೂರನ್ನು ಆಪರೇಷನ್ ನಡೆಯುವಾಗಲೇ ಪರೀಕ್ಷೆ ಮಾಡಿಸುತ್ತಾರಾ ಅಂತಲೂ ಕೇಳು. ಇಂಥ ಪಿತ್ತಕೋಶದಲ್ಲಿ ಕೆಲವೊಮ್ಮೆ ಕ್ಯಾನ್ಸರ್ ಅಡಗಿರುತ್ತದೆ. ಅಮ್ಮನಿಗೆ ಇದೆ ಅಂತಲ್ಲ, ನೋಡದೆ ಬಿಡಬಾರದು ಅಷ್ಟೇ.

ಇಆರ್‌ಸಿಪಿ ಮಾಡಿ, ಅಂದರೆ ಬಾಯಿಯಿಂದ ಕ್ಯಾಮೆರಾ ಟ್ಯೂಬ್ ಇಳಿಸಿ, ಪಿತ್ತನಾಳ ತೆರೆದಿಡುವ ಸಣ್ಣ ಕೊಳವೆ (ಸ್ಟೆಂಟ್) ಹಾಕೋಣ ಎಂದಿದ್ದಾರಲ್ಲ, ಒಪ್ಪಿಕೋ. ಕಾಮಾಲೆ ಇಳಿಯುತ್ತದೆ. ಆದರೆ ಅಷ್ಟಕ್ಕೇ ಆಪರೇಷನ್ ಮುಂದೂಡುತ್ತಾ ಹೋಗಬೇಡಿ. ನಡುವೆ ಚಳಿ ಜ್ವರ ಬಂದರೆ ಕೊಟ್ಟ ತಾರೀಖಿಗೆ ಕಾಯದೆ ಆವತ್ತೇ ಅಡ್ಮಿಟ್ ಮಾಡು. ನನಗೆ ಅಪರಾತ್ರಿಯಾದರೂ ಫೋನ್ ಮಾಡು.

ನಿನ್ನ ತಂಗಿ