ಕಂತು ಮುಂದಕ್ಕೆ ಹೋಯಿತು, ಬಡ್ಡಿ ನಿಲ್ಲಲಿಲ್ಲ

ಮಾನ್ಯರೇ,

ಆದಾಯ ಕಡಿಮೆಯಾದಾಗ ಮನೆ ನಡೆಸುವುದು ಹೇಗೆ ಎಂದು ನಿಮ್ಮ ಹಣಕಾಸು ಪುಟದಲ್ಲಿ ಬಂದ ಲೇಖನ ಓದಿದೆ. ಆರು ತಿಂಗಳ ಖರ್ಚಿನಷ್ಟು ದುಡ್ಡು ಬೇರೆ ತೆಗೆದಿಡಿ, ಹೋಟೆಲ್ ಊಟ ಬಿಡಿ, ಒಟಿಟಿ ಚಂದಾ ನಿಲ್ಲಿಸಿ, ಕ್ರೆಡಿಟ್ ಕಾರ್ಡ್ ಬಾಕಿ ಮೊದಲು ತೀರಿಸಿ ಎಂದಿದ್ದಾರೆ. ತಪ್ಪೇನೂ ಹೇಳಿಲ್ಲ. ಆದರೆ ಅವರು ಹೇಳುವಂಥ ಮನೆ ನಮ್ಮ ಓಣಿಯಲ್ಲಿ ಒಂದೂ ಇಲ್ಲ. ನಮ್ಮಲ್ಲಿ ಬಿಡಲು ಹೋಟೆಲ್ ಊಟ ಇರಲಿಲ್ಲ. ತೀರಿಸಬೇಕಾದ ಸಾಲಗಳು ಮಾತ್ರ ಇದ್ದವು, ಅವುಗಳ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ. ಅದಕ್ಕೇ ಈ ಪತ್ರ. ಉದ್ದವಾದರೆ ಕತ್ತರಿಸಿ, ಲೆಕ್ಕ ಮಾತ್ರ ಬಿಡಬೇಡಿ.

ನಾನು ಗದಗಿನ ಬೆಟಗೇರಿಯವಳು. ಗದಗಕ್ಕೆ ಮುದ್ರಣ ಕಾಶಿ ಅಂತಾರೆ. ನಮ್ಮ ಮನೆಯವರು ಇಲ್ಲಿನ ಒಂದು ಪ್ರೆಸ್ಸಿನಲ್ಲಿ ಆಫ್‌ಸೆಟ್ ಮಷಿನ್ ಮೇಲೆ ಕೆಲಸ ಮಾಡುತ್ತಾರೆ. ನಾನು ಮನೆಯಲ್ಲೇ ಜಂಪರ್, ಫಾಲ್, ಪಿಕೊ ಮಾಡುತ್ತೇನೆ. ಅತ್ತೆ, ಇಬ್ಬರು ಮಕ್ಕಳು. ಮನೆಯವರ ಪಗಾರ 12,500, ನನ್ನ ಹೊಲಿಗೆಯಿಂದ ಲಗ್ನದ ದಿನಗಳಲ್ಲಿ ನಾಲ್ಕೈದು ಸಾವಿರ. 2020ರ ಮಾರ್ಚ್ ತನಕ ಇದರಲ್ಲೇ ಬಾಡಿಗೆ, ಸಂಘದ ಕಂತು, ಸಾಲಿ ಫೀ ಎಲ್ಲ ಹೇಗೋ ಸರಿದೂಗುತ್ತಿತ್ತು.

ಪ್ರೆಸ್ಸಿನವರಿಗೂ ಹೊಲಿಗೆಯವರಿಗೂ ದುಡಿಮೆ ಯುಗಾದಿಯಿಂದ ಮಳೆಗಾಲ ಹಿಡಿಯುವವರೆಗೆ. ಲಗ್ನಪತ್ರಿಕೆ ಅಲ್ಲಿ, ಜಂಪರ್ ಇಲ್ಲಿ. 2020ರಲ್ಲಿ ಯುಗಾದಿ ಮಾರ್ಚ್ 25ಕ್ಕೆ ಬಂತು, ಕೊರೊನಾದಿಂದ ದೇಶಕ್ಕೆ ಬೀಗ ಬಿದ್ದದ್ದೂ ಅವತ್ತೇ. ಏಪ್ರಿಲ್ ಲಗ್ನಗಳ ಕಾರ್ಡು ಮಡಚಿ, ಕಟ್ಟು ಕಟ್ಟಿ ಇಟ್ಟಿದ್ದರು. ಒಯ್ಯುವವರು ಬರಲಿಲ್ಲ. ಬಂದವರೂ ತಾರೀಖು ಬದಲಾದ ಮೇಲೆ ಯಾಕೆ ದುಡ್ಡು ಕೊಡಬೇಕು ಎಂದರು. ಮಾಲೀಕರು ಏಪ್ರಿಲ್‌ನಲ್ಲಿ ಅರ್ಧ ಪಗಾರ ಕೊಟ್ಟರು, ಮೇನಲ್ಲಿ ಅದೂ ಇಲ್ಲ. ಅವರನ್ನು ಬೈಯಲಾರೆ, ಅವರ ಮಷಿನ್ ಮೇಲೂ ಬ್ಯಾಂಕಿನ ಸಾಲವಿದೆ. ಆಮೇಲೆ ವಾರಕ್ಕೆ ಮೂರು ದಿನ ಕೆಲಸ, ದಿನಗೂಲಿ. ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಯ ಹ್ಯಾಂಡ್‌ಬಿಲ್ ಬಂದು ಸ್ವಲ್ಪ ಉಸಿರಾಡಿದೆವು. ಈ ವರ್ಷ, 2021ರಲ್ಲಿ, ಮತ್ತೆ ಯುಗಾದಿ ಮುಗಿದು ಎರಡು ವಾರಕ್ಕೆ ಲಾಕ್‌ಡೌನ್. ಲಗ್ನಕ್ಕೆ ನಲವತ್ತೇ ಮಂದಿ ಎಂದ ಮೇಲೆ ಕಾರ್ಡ್ ಹೊಡೆಸುವವರು ಯಾರು? ಎಲ್ಲ ವಾಟ್ಸ್‌ಆ್ಯಪ್‌ನಲ್ಲೇ ಹೋಗುತ್ತದೆ.

ಖರ್ಚು ಕಡಿಮೆ ಮಾಡಿ ಎನ್ನುವವರಿಗೆ ಒಂದು ಮಾತು. ಇಂಥ ರೋಗದ ಕಾಲದಲ್ಲಿ ಖರ್ಚು ತಾನೇ ಏರುತ್ತದೆ. ಎಲ್ಲರೂ ಮನೆಯಲ್ಲೇ ಇದ್ದರೆ ಸಿಲಿಂಡರ್ ಬೇಗ ಖಾಲಿ. ಸಾಬೂನು, ಮಾಸ್ಕ್, ಮಕ್ಕಳ ಪಾಠಕ್ಕೆ ಮೊಬೈಲ್ ರೀಚಾರ್ಜ್. ಸೂರ್ಯಕಾಂತಿ ಎಣ್ಣೆ ಕಳೆದ ವರ್ಷ ನೂರರ ಆಸುಪಾಸು ಇದ್ದದ್ದು ಈಗ ನಮ್ಮ ಅಂಗಡಿಯಲ್ಲಿ 170. ಅತ್ತೆಯ ಬಿಪಿ ಗುಳಿಗೆಯನ್ನು ಜನೌಷಧಿ ಅಂಗಡಿಗೆ ಬದಲಾಯಿಸಿದೆ, ಅಲ್ಲಿ ನಿಜವಾಗಿಯೂ ಉಳಿಯಿತು. ರೇಷನ್ನಿನಲ್ಲಿ ತಲೆಗೆ 5 ಕೆ.ಜಿ. ಹೆಚ್ಚುವರಿ ಅಕ್ಕಿ ಪುಕ್ಕಟೆ ಬಂತು, ಹೊಟ್ಟೆ ತುಂಬಿಸಿದ್ದು ಅದೇ, ಸುಳ್ಳು ಹೇಳಬಾರದು. ನಮ್ಮ ಕಡೆಯವರಿಗೆ ಜೋಳದ ರೊಟ್ಟಿ ಇಲ್ಲದೆ ಊಟ ಊಟವಲ್ಲ. ಅತ್ತೆ ಅಕ್ಕಿಹಿಟ್ಟಿನಲ್ಲೇ ರೊಟ್ಟಿ ಬಡಿದರು, ಮೂರು ತಿಂಗಳು ಗೊಣಗುತ್ತ ಬಡಿದರು. ಜನಧನ್ ಖಾತೆಗೆ ತಿಂಗಳಿಗೆ 500ರಂತೆ ಮೂರು ಸಲ ಬಂತು. ಏಪ್ರಿಲ್‌ನಲ್ಲಿ ಅದನ್ನು ತೆಗೆಯಲು ಖಾತೆ ನಂಬರಿನ ಕೊನೆಯ ಅಂಕಿ ನೋಡಿ ಒಬ್ಬೊಬ್ಬರಿಗೆ ಒಂದೊಂದು ದಿನ ಗೊತ್ತು ಮಾಡಿದ್ದರು.

ಮಗಳನ್ನು ಖಾಸಗಿ ಶಾಲೆಯಿಂದ ಬಿಡಿಸಿ ಸರ್ಕಾರಿ ಕನ್ನಡ ಶಾಲೆಗೆ ಹಾಕಿದೆವು. ಬೋಧನಾ ಶುಲ್ಕದಲ್ಲಿ ಶೇ 70 ಮಾತ್ರ ತೆಗೆದುಕೊಳ್ಳಬೇಕೆಂದು ಸರ್ಕಾರ ಆದೇಶ ಮಾಡಿದ್ದು ಈ ಜನವರಿ ಕೊನೆಗೆ, ಅಷ್ಟರಲ್ಲಿ ನಮ್ಮ ತೀರ್ಮಾನ ಆಗಿಹೋಗಿತ್ತು. ಅವಳು ಅಲ್ಲಿ ಚೆನ್ನಾಗಿಯೇ ಓದುತ್ತಿದ್ದಾಳೆ, ಆ ವಿಷಯ ಇಷ್ಟಕ್ಕೆ ಸಾಕು.

ಇನ್ನು ಸಾಲ. ನಮ್ಮ ಮನೆಯಲ್ಲಿ ಎರಡಿತ್ತು. ಹೊಲಿಗೆ ಮಷಿನ್ನಿಗೆಂದು ಮಹಿಳಾ ಗುಂಪಿನಲ್ಲಿ ಒಂದು ಫೈನಾನ್ಸ್ ಕಂಪನಿಯಿಂದ ತಂದದ್ದು, ಬಾಕಿ 40,000, ಬಡ್ಡಿ ವರ್ಷಕ್ಕೆ ಶೇ 24. ಮಾವನವರ ಕೊನೆಯ ದಿನಗಳಲ್ಲಿ ದವಾಖಾನೆಗೆಂದು ಪರಿಚಯದವರ ಹತ್ತಿರ ಇಸಿದುಕೊಂಡ ಕೈಗಡ 20,000, ನೂರಕ್ಕೆ ಮೂರು. ತಿಂಗಳಿಗೆ ಮೂರು ಎಂದರೆ ಕಿವಿಗೆ ಹಗುರ. ವರ್ಷಕ್ಕೆ ಶೇ 36, ನಮ್ಮ ಇಪ್ಪತ್ತು ಸಾವಿರಕ್ಕೆ 7,200 ರೂಪಾಯಿ.

ರಿಸರ್ವ್ ಬ್ಯಾಂಕು 2020ರ ಮಾರ್ಚ್ 27ರಂದು ಮೂರು ತಿಂಗಳ ಕಂತು ಮುಂದೂಡಬಹುದು ಎಂದಿತು, ಮೇ 22ರಂದು ಇನ್ನೂ ಮೂರು ತಿಂಗಳು ಸೇರಿಸಿ ಆಗಸ್ಟ್ 31ರವರೆಗೆ ಮಾಡಿತು. ಓಣಿಯಲ್ಲಿ ಆರು ತಿಂಗಳ ಕಂತೇ ಮಾಫಿ ಎಂದು ಸುದ್ದಿಯಾಯಿತು. ಮಾಫಿ ಅಲ್ಲ. ಸಾಲ ಕೊಟ್ಟವರು ಮನಸ್ಸು ಮಾಡಿದರೆ ಮುಂದೂಡಬಹುದು, ಬಡ್ಡಿ ಮಾತ್ರ ನಡೆದೇ ಇರುತ್ತದೆ. ನನ್ನ ನಲವತ್ತು ಸಾವಿರಕ್ಕೆ ತಿಂಗಳಿಗೆ 800, ಆರು ತಿಂಗಳಿಗೆ 4,800. ಆ 800 ಹೊಂದಿಸಲು ನನ್ನಿಂದ ಆಗುತ್ತಿತ್ತು, ಪೂರಾ ಕಂತು ಆಗುತ್ತಿರಲಿಲ್ಲ. ಲಾಕ್‌ಡೌನ್ ಸಡಿಲಿಸಿದ ಕೂಡಲೇ ವಸೂಲಿಗೆ ಬಂದ ಹುಡುಗನಿಗೆ ಅದನ್ನೇ ಹೇಳಿದೆ: ಬಡ್ಡಿ ತಗೊಂಡು ಹೋಗಪ್ಪ, ಅಸಲು ಮುಂದಕ್ಕೆ ಹಾಕು.

"ಹಂಗ ಬರಂಗಿಲ್ರೀ ಅಕ್ಕಾರ. ಕೊಟ್ರ ಪೂರಾ ಕಂತು ಕೊಡ್ರಿ. ನೀವು ಕೊಡಲಿಲ್ಲಂದ್ರ ನಿಮ್ಮ ಗುಂಪಿನವ್ರು ತುಂಬಬೇಕಾಕ್ಕೈತಿ" ಎಂದ.

ಅವನೂ ಪಗಾರಕ್ಕೆ ದುಡಿಯುವವನೇ. ಆದರೆ ಗುಂಪಿನವರು ಎಂದರೆ ಯಾರು? ಹಪ್ಪಳ ಮಾಡುವವಳು, ತರಕಾರಿ ಮಾರುವವಳು, ಗಂಡನಿಗೆ ಮಗ್ಗದ ಕೆಲಸ ನಿಂತುಹೋದವಳು. ನಾನು ಕೊಡದಿದ್ದರೆ ಅವಳು ಕೊಡಬೇಕು, ಅವಳು ಕೊಡದಿದ್ದರೆ ನಾನು. ಮುಂದೂಡಲು ರಿಸರ್ವ್ ಬ್ಯಾಂಕು ಒಪ್ಪಿದರೇನು, ಗುಂಪಿನ ಹೆಂಗಸರ ಮುಖ ನೋಡಿಯೇ ಎಷ್ಟೋ ಜನ ಉಪವಾಸ ಬಿದ್ದು ಕಂತು ಕಟ್ಟಿದರು.

ಬಡ್ಡಿಯ ಮೇಲಿನ ಬಡ್ಡಿಯನ್ನು ಕೇಂದ್ರ ಸರ್ಕಾರ ಎರಡು ಕೋಟಿವರೆಗಿನ ಸಾಲಗಾರರಿಗೆ ಹಿಂದಿರುಗಿಸುತ್ತದೆ ಎಂದು ಕಳೆದ ದೀಪಾವಳಿ ಹೊತ್ತಿಗೆ ದೊಡ್ಡ ಸುದ್ದಿಯಾಯಿತು. ಚಕ್ರಬಡ್ಡಿಗೂ ಸರಳ ಬಡ್ಡಿಗೂ ಆರು ತಿಂಗಳಲ್ಲಿ ಎಷ್ಟು ಅಂತರ ಬರುತ್ತದೋ ಅಷ್ಟು. ನಲವತ್ತು ಸಾವಿರಕ್ಕೆ, ಶೇ 24ರ ದರದಲ್ಲಿ, ಆ ಅಂತರ ಎಷ್ಟು ಗೊತ್ತೇ? 246 ರೂಪಾಯಿ. ಉಳಿದ 4,800 ನಮ್ಮ ತಲೆಯ ಮೇಲೇ. ಈ ಮಾರ್ಚ್ 23ರಂದು ಸುಪ್ರೀಂ ಕೋರ್ಟೂ ಬಡ್ಡಿಯ ಮೇಲೆ ಬಡ್ಡಿ ಕೂಡದು, ಪೂರ್ತಿ ಬಡ್ಡಿ ಮನ್ನಾ ಸಾಧ್ಯವಿಲ್ಲ ಎಂದಿತು. ಎರಡು ಕೋಟಿ ಸಾಲ ಮಾಡಿದವನಿಗೂ ನನಗೂ ಒಂದೇ ಲೆಕ್ಕ. ಅವನಿಗೆ ಅದರಿಂದ ಸಿಕ್ಕಿದ್ದು ಸಾವಿರಗಟ್ಟಲೆ, ನನಗೆ ಒಂದೂವರೆ ಕಿಲೋ ಎಣ್ಣೆ.

ನನ್ನ ಮನೆ ಉಳಿದದ್ದು ಬೇರೆ ದಾರಿಯಿಂದ. ಕಳೆದ ಆಗಸ್ಟ್‌ನಲ್ಲಿ ಬಂಗಾರದ ರೇಟು ಹತ್ತು ಗ್ರಾಂಗೆ ಐವತ್ತೈದು ಸಾವಿರ ಮುಟ್ಟಿದಾಗ ತವರಿನಿಂದ ಬಂದ ಬೋರಮಾಳವನ್ನು ಬ್ಯಾಂಕಿನಲ್ಲಿ ಒತ್ತೆ ಇಟ್ಟು 20,000 ತಂದು ಕೈಗಡ ತೀರಿಸಿದೆ. ಕೈಗಡಕ್ಕೆ ತಿಂಗಳಿಗೆ 600 ಹೋಗುತ್ತಿತ್ತು. ಬ್ಯಾಂಕಿನ ಬಂಗಾರದ ಸಾಲಕ್ಕೆ ಶೇ 9ರಂತೆ 150. ಉಳಿದ 450ರಲ್ಲಿ ನಮ್ಮ ಮನೆಗೆ ತಿಂಗಳ ಬೇಳೆ, ಎಣ್ಣೆ ಬರುತ್ತದೆ. ಅತ್ತೆಗೆ ಸಿಟ್ಟು ಬಂದಿತ್ತು. ಮೈಮೇಲಿನ ಬಂಗಾರ ಬ್ಯಾಂಕಿಗೆ ಹೋದರೆ ನಾಲ್ಕು ಜನ ಏನಂದಾರು ಎಂದರು. ಮನೆ ಬಾಗಿಲಿಗೆ ಬಡ್ಡಿಯವರು ಬಂದು ನಿಂತರೆ ನಾಲ್ಕಲ್ಲ, ನಲವತ್ತು ಜನ ಅಂತಾರೆ ಅಂದೆ.

ಆಗ ಬಂಗಾರದ ಬೆಲೆಯ ಶೇ 90ರಷ್ಟು ಸಾಲ ಕೊಡಬಹುದು ಎಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಈ ಮಾರ್ಚ್ 31ರವರೆಗೆ ಅನುಮತಿ ಕೊಟ್ಟಿತ್ತು. ಮೊದಲು ಶೇ 75 ಇತ್ತು. ಕೌಂಟರಿನಲ್ಲಿದ್ದವರು "ಇನ್ನೂ ಸಿಗತೈತ್ರಿ, ತಗೊಳ್ರಿ" ಎಂದರು. ಬೇಡ ಎಂದೆ. ಮಾರ್ಚ್ ಹೊತ್ತಿಗೆ ಬಂಗಾರ ನಲವತ್ತೈದು ಸಾವಿರದ ಹತ್ತಿರಕ್ಕೆ ಇಳಿಯಿತು. ತೊಂಬತ್ತರ ಆಸೆಗೆ ಬಿದ್ದವರಿಗೆ ಒಡವೆಗಿಂತ ಸಾಲವೇ ಭಾರವಾಯಿತು, ಇನ್ನಷ್ಟು ಒಡವೆ ತನ್ನಿ ಇಲ್ಲವೇ ದುಡ್ಡು ಕಟ್ಟಿ ಎಂದು ಫೋನು ಬಂದವು. ನಿಮ್ಮ ಹಣಕಾಸು ಪುಟ ಓದುಗರಿಗೆ ಹೇಳಬೇಕಾದ್ದು ಇಂಥದ್ದು: ಯಾವ ಸಾಲ ದಿನಕ್ಕೆ ಎಷ್ಟು ಬೆಳೆಯುತ್ತದೆ, ಯಾವುದನ್ನು ಯಾವುದರಿಂದ ತೀರಿಸಬಹುದು, ಯಾವುದನ್ನು ಮುಟ್ಟಲೇಬಾರದು.

ರಾಜ್ಯ ಸರ್ಕಾರಕ್ಕೂ ಒಂದೆರಡು ಮಾತು. ಈ ಮೇ 19ರ ಕೊರೊನಾ ಪರಿಹಾರದ ಪ್ಯಾಕೇಜಿನಲ್ಲಿ ಆಟೊ, ಟ್ಯಾಕ್ಸಿಯವರಿಗೆ 3,000, ಟೇಲರ್, ಕ್ಷೌರಿಕರು, ಮಡಿವಾಳರು, ಹಮಾಲರು ಮುಂತಾದವರಿಗೆ 2,000. ಟೇಲರ್ ಎಂದು ನಾನು ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಿದೆ. ನಾನು ಟೇಲರ್ ಎಂಬುದಕ್ಕೆ ಸರ್ಟಿಫಿಕೇಟ್ ಕೇಳಿದರು, ಕೊಡುವ ಆಫೀಸಿನಲ್ಲಿ ಜನರೇ ಇರಲಿಲ್ಲ. ಜೂನ್ 3ರ ಎರಡನೇ ಪ್ಯಾಕೇಜಿನಲ್ಲಿ ವಿದ್ಯುತ್ ಮಗ್ಗದವರಿಗೆ 3,000 ಬಂತು, ಬೆಟಗೇರಿಯವರಾಗಿ ಸಂತೋಷಪಟ್ಟೆವು. ಆದರೆ ಮುದ್ರಣ ಕಾಶಿಯ ಪ್ರೆಸ್ ಕೆಲಸಗಾರನಿಗೆ ಎರಡೂ ಪಟ್ಟಿಯಲ್ಲಿ ಜಾಗವಿಲ್ಲ. ಬೈಂಡಿಂಗ್ ಮಾಡುವವನು, ಕಟಿಂಗ್ ಮಷಿನ್ ಹಿಡಿಯುವವನು, ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೆಯುವವಳು, ಯಾರೂ ಇಲ್ಲ. ಕಸುಬಿನ ಹೆಸರು ಹುಡುಕುತ್ತ ಕೂತರೆ ಪಟ್ಟಿ ಎಂದೂ ಪೂರ್ತಿಯಾಗುವುದಿಲ್ಲ. ರೇಷನ್ ಕಾರ್ಡು ಎಲ್ಲರ ಮನೆಯಲ್ಲಿದೆ, ಅದರ ಮೇಲೇ ಕೊಡಲಿ.

ಮೇ 19ರ ಪ್ಯಾಕೇಜಿನಲ್ಲಿ ಒಂದು ಒಳ್ಳೆಯ ಕೆಲಸವೂ ಇತ್ತು. ಸಹಕಾರ ಸಂಘಗಳಲ್ಲಿ ರೈತರು, ಸ್ವಸಹಾಯ ಗುಂಪಿನವರು ಕಟ್ಟಬೇಕಾದ ಕಂತನ್ನು ಜುಲೈ 31ರವರೆಗೆ ಮುಂದೂಡಿ, ಆ ಅವಧಿಯ ಬಡ್ಡಿಯನ್ನು ಸರ್ಕಾರವೇ ಹೊರುತ್ತದೆ ಎಂದರು. ಹೀಗೆ ಮಾಡಿದರೆ ಮಾತ್ರ ಮುಂದೂಡಿದ್ದರಿಂದ ಪ್ರಯೋಜನ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಸಿದ್ಧನಗೌಡ ಪಾಟೀಲರಿಂದ ಶುರುವಾದದ್ದು ಇಲ್ಲೇ ಪಕ್ಕದ ಕಣಗಿನಹಾಳದಲ್ಲಿ. ಆದರೂ ನಮ್ಮ ಓಣಿಯ ಹೆಂಗಸರ ಸಾಲವೆಲ್ಲ ಫೈನಾನ್ಸ್ ಕಂಪನಿಗಳಲ್ಲಿದೆ, ಯಾಕೆಂದರೆ ಅವರು ಮನೆ ಬಾಗಿಲಿಗೆ ಬಂದು ಕೊಟ್ಟರು. ಐವತ್ತು ಸಾವಿರದೊಳಗಿನ ಗುಂಪು ಸಾಲಕ್ಕೂ ಇದೇ ನಿಯಮ ಬರಲಿ. ಬಡ್ಡಿ ಹೊರಲಾಗದಿದ್ದರೆ ಕೊನೆಗೆ ನಾನು ಕೇಳಿದ್ದನ್ನಾದರೂ ಮಾಡಲಿ: ಬಡ್ಡಿಯಷ್ಟೇ ಕಟ್ಟುತ್ತೇನೆ ಎಂದವರಿಂದ ಅದನ್ನು ತೆಗೆದುಕೊಂಡು ರಸೀದಿ ಕೊಡಬೇಕು, ಆ ತಿಂಗಳು ಗುಂಪಿನವರ ಬಾಗಿಲು ಬಡಿಯಬಾರದು.

ಪತ್ರಿಕೆಯಿಂದ ಏನಾಗುತ್ತದೆ ಎಂದು ಕೇಳಬೇಡಿ. ಮೇನಲ್ಲಿ ಮೈದುನನಿಗೆ ಕೊರೊನಾ ಬಂದು ಸ್ಕ್ಯಾನ್ ಮಾಡಿಸಲು ಹೋದಾಗ ಖಾಸಗಿ ಸೆಂಟರಿನವರು ನಾಲ್ಕು ಸಾವಿರ ಕೇಳಿದರು. ಬಿಪಿಎಲ್ ಕಾರ್ಡಿನವರಿಗೆ 1,500 ಮಾತ್ರ ಎಂಬ ಸರ್ಕಾರದ ಆದೇಶದ ಸುದ್ದಿ ಪೇಪರಿನಲ್ಲಿ ಬಂದಿತ್ತು, ನಮ್ಮ ಮನೆಯವರು ಕತ್ತರಿಸಿ ಕಿಸೆಯಲ್ಲಿ ಇಟ್ಟುಕೊಂಡಿದ್ದರು. ಬಾಯಿಮಾತಿಗೆ ಬಗ್ಗದವರು ಆ ತುಂಡು ಕಾಗದ ನೋಡಿ 1,500 ತೆಗೆದುಕೊಂಡರು.

ಅಂಥ ತುಂಡುಗಳನ್ನು ಹಣಕಾಸು ಪುಟದಲ್ಲಿ ವಾರಕ್ಕೊಂದು ಹಾಕಿ. ದೊಡ್ಡ ಅಕ್ಷರದಲ್ಲಿ, ನಾಲ್ಕೇ ಸಾಲು, ಆದೇಶದ ತಾರೀಖು ಸಮೇತ. ಮೊದಲನೆಯದು ಯಾವುದೆಂದು ನಾನೇ ಹೇಳುತ್ತೇನೆ. ಈ ಸಲ ಎಲ್ಲರಿಗೂ ಕಂತು ಮುಂದೂಡುವ ಸೌಲಭ್ಯವಿಲ್ಲ. ಆದರೆ ಸಾಲವನ್ನು ಹೊಸದಾಗಿ ಹೊಂದಿಸಿಕೊಡಿ ಎಂದು ಸಣ್ಣ ಸಾಲಗಾರರು ಅರ್ಜಿ ಕೊಡಬಹುದೆಂದು ರಿಸರ್ವ್ ಬ್ಯಾಂಕು ಮೇ 5ರಂದು ಹೇಳಿದೆ, 2021ರ ಸೆಪ್ಟೆಂಬರ್ 30ರವರೆಗೆ ಅವಕಾಶವಿದೆ. ವಸೂಲಿಯ ಹುಡುಗನನ್ನು ಕೇಳಿದರೆ ಅಂಥದ್ದು ಗೊತ್ತೇ ಇಲ್ಲ ಎನ್ನುತ್ತಾನೆ. ನೀವು ಅಚ್ಚು ಹಾಕಿದರೆ ಅವನಿಗೆ ತೋರಿಸುತ್ತೇನೆ. ಅರ್ಜಿಯ ನಮೂನೆಯೂ ಕನ್ನಡದಲ್ಲಿ ಜೊತೆಗೆ ಇರಲಿ, ನಮ್ಮ ಗುಂಪಿನ ಹತ್ತೂ ಹೆಂಗಸರಿಗೆ ನಾನೇ ತುಂಬಿಕೊಡುತ್ತೇನೆ.

ಹೆಸರು ಹಾಕಬೇಡಿ. ಮುಂದಿನ ಕಂತಿನ ದಿನ ಅವನು ಮತ್ತೆ ಬರುವವನಿದ್ದಾನೆ.

ಇಂತಿ,
ಒಬ್ಬ ಓದುಗರು, ಬೆಟಗೇರಿ
ಜೂನ್ 2021